ವಂಜಿರು ಆಂಟಿ ಓದಿದ ಪುಟ

ಹೋದ ವಾರ ನಮ್ಮ ಬಡಾವಣೆ ನ್ಯೂ ಲಿನ್‌ನ ಹಳೆ ಸಾಮಾನಿನ ಅಂಗಡಿಗೆ ಬಾಣಲೆ ಹುಡುಕಲು ಹೋದವಳಿಗೆ ಪುಸ್ತಕಗಳ ಕಪಾಟಿನಲ್ಲಿ ಆ ಕಾದಂಬರಿ ಕಾಣಿಸಿತು. ಕೈಗೆತ್ತಿಕೊಳ್ಳಲಿಲ್ಲ. ಅದನ್ನು ನಮಗೆ ಓದಿ ಹೇಳಿದವರ ದನಿ ಮಾತ್ರ ಕಿವಿಯಲ್ಲಿ ಎದ್ದಿತು.

ಕೆಲವು ವರ್ಷಗಳ ಹಿಂದಿನ ಮಾತು. ಇಲ್ಲಿನ ಲೈಬ್ರರಿಯಲ್ಲಿ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಸೇರಿ, ಎಲ್ಲರೂ ಓದಿಬಂದ ಒಂದೇ ಪುಸ್ತಕದ ಬಗ್ಗೆ ಹರಟುತ್ತಿದ್ದೆವು. ನಾನು ಹೋಗುತ್ತಿದ್ದದ್ದು ಅರ್ಧ ಸಾಹಿತ್ಯಕ್ಕೆ, ಅರ್ಧ ಕ್ಯಾರೆಟ್ ಕೇಕಿಗೆ. ಯಾವ ಅರ್ಧ ದೊಡ್ಡದೆಂದು ನೀವು ಕೇಳಬಾರದು. ಗುಂಪಿಗೆಲ್ಲ ಹಿರಿಯರು ವಂಜಿರು ಆಂಟಿ. ಕೀನ್ಯಾದವರು, ಮಗಳ ಜೊತೆಗಿರಲು ಈ ದೇಶಕ್ಕೆ ಬಂದವರು. ಮಾತು ಕಡಿಮೆ.

ಆ ತಿಂಗಳಿನ ಕಾದಂಬರಿ ಅವರ ದೇಶದ್ದೇ. ಬ್ರಿಟಿಷರು ಊರುಗಳನ್ನು ಸುಟ್ಟು, ಜನರನ್ನು ಬೇಲಿಯೊಳಗೆ ಕೂಡಿಹಾಕಿದ ಕಾಲದ ಕಥೆ. ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. "ದುಃಖವನ್ನೂ ಎಷ್ಟು ಚೆಂದ ಬರೆದಿದ್ದಾರೆ!" ಎಂದವಳು ನಾನೇ. ಆಗ ಯಾರೋ, "ಆಂಟಿ, ನೀವೇ ಒಂದು ಪುಟ ಓದಿ" ಎಂದರು.

ಅವರು ಕನ್ನಡಕ ಏರಿಸಿ ಓದತೊಡಗಿದರು. ಹೆಂಗಸರು ಬೇಲಿಯ ಸುತ್ತ ಕಂದಕ ತೋಡುವ ಭಾಗ. ನಾವು ನಮ್ಮ ನಮ್ಮ ಪ್ರತಿಗಳಲ್ಲಿ ಸಾಲಿನ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದೆವು. ಅಲ್ಲೊಬ್ಬಳು ತಾಯಿ. ಬೆನ್ನಿಗೆ ಕಟ್ಟಿಕೊಂಡ ಕೂಸಿಗೆ ಜ್ವರ. ಮಧ್ಯಾಹ್ನದ ಹೊತ್ತಿಗೆ ಅದರ ಅಳು ನಿಂತಿತು. ಕಾವಲಿನವನು ಗುದ್ದಲಿ ಕೆಳಗಿಡಲು ಬಿಡಲಿಲ್ಲ. ಸಂಜೆಯವರೆಗೂ ಅವಳು ಸತ್ತ ಮಗುವನ್ನು ಹೊತ್ತುಕೊಂಡೇ ಅಗೆದಳು.

ನನ್ನ ಬೆರಳು ಯಾವಾಗಲೋ ಸಾಲು ತಪ್ಪಿತ್ತು. ಪುಟ ಮಗುಚಿದೆ, ಹಿಂದಕ್ಕೆ ತಿರುಗಿಸಿದೆ. ಪಕ್ಕದವರೂ ಹುಡುಕುತ್ತಿದ್ದರು.

"ಯಾವ ಪುಟ, ಆಂಟಿ?" ಎಂದೆ.

ಅವರ ಪುಸ್ತಕ ಆಗಲೇ ಮುಚ್ಚಿ ಮಡಿಲಲ್ಲಿತ್ತು. "ಇದರಲ್ಲಿಲ್ಲಮ್ಮ. ಆ ಕೂಸು ನನ್ನ ತಮ್ಮ. ನಾನು ಅಮ್ಮನ ಪಕ್ಕದಲ್ಲೇ ಮಣ್ಣು ಹೊರುತ್ತಿದ್ದೆ. ಬರೆದವರದ್ದು ತಪ್ಪಿಲ್ಲ ಬಿಡು. ಅಮ್ಮ ಯಾರಿಗಾದರೂ ಹೇಳಿದ್ದರೆ ತಾನೆ? ಸಾಯುವವರೆಗೂ ನನ್ನ ಹತ್ತಿರವೂ ಆ ಮಾತೆತ್ತಲಿಲ್ಲ."

ಆಂಟಿ ಕೋಟು ಹಾಕಿಕೊಂಡು ಹೊರಟರು. ಮತ್ತೆ ಗುಂಪಿಗೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಬೆನ್ನು ಬಾಗಿದೆ. ಪಕ್ಕದಲ್ಲಿ ಕೂತೆ.

"ಈಗೇನು ಓದುತ್ತಿದ್ದೀರಿ ನೀವೆಲ್ಲ?"

"ಪತ್ತೇದಾರಿ ಕಾದಂಬರಿ, ಆಂಟಿ" ಎಂದೆ, ತುಸು ನಾಚಿಕೆಯಿಂದಲೇ.

"ಒಳ್ಳೆಯದೇ," ಎಂದರು. ನಗಲಿಲ್ಲ. "ಅದರಲ್ಲಾದರೆ ಕೊನೆಗೆ ಕೊಂದವರು ಸಿಕ್ಕಿಬೀಳುತ್ತಾರೆ."

ಅವರ ಬಸ್ ಬಂತು. ಕೈಹಿಡಿದು ಹತ್ತಿಸಿದೆ. ನನ್ನ ಚೀಲದಲ್ಲಿರುವ ಪುಸ್ತಕದ ಕೊನೆಯ ಅಧ್ಯಾಯವೊಂದು ಬಾಕಿ ಇದೆ. ಓದಲು ಮನಸ್ಸು ಬರುತ್ತಿಲ್ಲ.