ಮುಟ್ಟದೆ ಬಿಡಿಸಿದ ಸಿಕ್ಕು

ಹಿಂದಿನ ಬೀದಿಯ ಆಂಟಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಶಿಡ್ಲಘಟ್ಟದ ಫಿಲೇಚರ್ ಎಂಬ ರೇಷ್ಮೆನೂಲಿನ ಕಾರ್ಖಾನೆಯೊಂದರಲ್ಲಿ, ಬಿಸಿನೀರಲ್ಲಿ ಬೆಂದ ರೇಷ್ಮೆಗೂಡುಗಳಿಂದ ಎಳೆ ಹುಡುಕಿ ತೆಗೆಯುವುದು ಅವರ ಕೆಲಸ. ವರ್ಷಗಟ್ಟಲೆ ನೆನೆದು ಬೆರಳುಗಳು ಬಿಳಿಚಿ ನುಣುಪಾಗಿದ್ದವು. ಕೈಗವಸು ಕೊಡದ ಮಾಲೀಕನದು ಅಪರಾಧವೆಂದು ಇಂದು ವೇದಿಕೆಗಳಲ್ಲಿ ಹೇಳುತ್ತೇನೆ. ಹತ್ತರ ವಯಸ್ಸಿನಲ್ಲಿ ನನಗೆ ಗೊತ್ತಿದ್ದುದು ಇಷ್ಟೇ: ಆ ಬೆರಳುಗಳು ನನ್ನ ಕೂದಲಲ್ಲಿ ಎಲ್ಲಿಯೂ ತೊಡರುವುದಿಲ್ಲ.

ನನ್ನದು ಬಿಗಿ ಸುರುಳಿಗಳ ಗುಂಗುರು ಕೂದಲು. ಶಾಲೆಯಲ್ಲಿ ‘ಪೊರಕೆ’ ಎನ್ನುತ್ತಿದ್ದರು. ಅಮ್ಮ ಒಣಗಿದ ಕೂದಲಿಗೇ ಬಾಚಣಿಗೆ ಹಾಕಿ ಎಳೆಯುತ್ತಿದ್ದಳು. ಜಡೆ ನೆಟ್ಟಗೆ ಬರದಿದ್ದರೆ ಕತ್ತರಿಸಿಯೇ ಬಿಡುವುದಾಗಿ ಮುಖ್ಯೋಪಾಧ್ಯಾಯಿನಿ ಹೇಳಿಕಳಿಸಿದಾಗ ಅಮ್ಮ ಸೋತು ಆಂಟಿಯನ್ನು ಕರೆದಳು. ಅವರದೂ ಗುಂಗುರು ಕೂದಲೇ, ಆದರೆ ಹೊಳೆಯುತ್ತಿತ್ತು.

“ಅಯ್ಯೋ ತಲ್ಲಿ, ಒಣಗಿದ್ದನ್ನ ಹಿಂಗ್ ಎಳೀತಾರಾ? ಗೂಡಿಗೆ ಹಿಂಗ್ ಮಾಡಿದ್ರೆ ನಮ್ ಓನರ್ರು ನನ್ನ ಗೇಟಾಚೆ ಹಾಕ್ತಿದ್ರು!”

ಅಂದು ಭಾನುವಾರ. ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಕೂದಲು ನೆನೆಸಿದರು. ತುದಿಯಿಂದ ಬುಡದತ್ತ ಬೆರಳಿನಲ್ಲೇ ಸಿಕ್ಕು ಬಿಡಿಸಿ, ಅಗಸೆಬೀಜ ಕುದಿಸಿ ಸೋಸಿದ ಲೋಳೆ ಹಚ್ಚಿ, ಹಳೆಯ ಕಾಟನ್ ಸೀರೆಯಲ್ಲಿ ಒತ್ತಿದರು. “ಉಜ್ಜಬ್ಯಾಡ. ಆರೋವರ್ಗೂ ಮುಟ್ಟಬ್ಯಾಡ ಕಣೇ.”

ಅವರು ಹಿತ್ತಲು ದಾಟಿದೊಡನೆ ಅಜ್ಜಿ ನನ್ನನ್ನು ಬಚ್ಚಲಿಗೆ ಎಳೆದೊಯ್ದಳು. ಅವರು ಮುಟ್ಟಿದ ತಲೆಗೆ ಸುಡುನೀರು, ಸೀಗೆಪುಡಿ. ಸಂಜೆಯ ಹೊತ್ತಿಗೆ ಕೂದಲು ಮತ್ತೆ ನಾರು. ಮುಂದಿನ ಭಾನುವಾರವೂ ಹೀಗೇ ಆಯಿತು. ನಮ್ಮ ಮನೆಯಲ್ಲಿ ಅದನ್ನು ಮಡಿ ಎನ್ನುತ್ತಿದ್ದರು. ಅದರ ಹೆಸರು ಅಸ್ಪೃಶ್ಯತೆ. ಹೈಸ್ಕೂಲಿನಲ್ಲಿ ಸಂವಿಧಾನದ ಪಾಠ ಮಾಡುತ್ತಿದ್ದ ಅಪ್ಪ ಆ ಭಾನುವಾರಗಳಂದು ಪತ್ರಿಕೆಯಿಂದ ತಲೆಯೆತ್ತಲಿಲ್ಲ.

ಮೂರನೆಯ ಭಾನುವಾರ ಆಂಟಿ ನನ್ನ ಒಣ ಕೂದಲನ್ನೂ, ಬಾಗಿಲಲ್ಲಿ ಕಾದು ನಿಂತ ಅಜ್ಜಿಯನ್ನೂ ನೋಡಿದರು. ಎರಡು ಮಾರು ಹಿಂದೆ ಸರಿದು ಕುಳಿತರು.

“ಇವತ್ತು ನೀನೇ ಮಾಡ್ಕೋ. ನಾನು ಹೇಳ್ಕೊಡ್ತೀನಿ.”

“ನಂಗ್ ಬರಲ್ಲ ಆಂಟಿ, ನೀವೇ ಮಾಡಿ.”

“ಬರತ್ತೆ ಕಣಮ್ಮ. ನಿನ್ ಕೈ ಮುಟ್ಟಿದ್ದನ್ನ ಯಾರೂ ತೊಳೆಯಲ್ಲ.”

ಅವರ ಕೈಗಳು ಗಾಳಿಯಲ್ಲಿ ಸಿಕ್ಕು ಬಿಡಿಸಿದವು, ನನ್ನವು ಅನುಸರಿಸಿದವು. ತಿಂಗಳೊಳಗೆ ಸುರುಳಿಗಳು ಮೆತ್ತಗಾದವು, ಜಡೆ ನಿಂತಿತು, ಕತ್ತರಿಯ ಮಾತು ನಿಂತಿತು. ಅಜ್ಜಿಗೂ ನೆಮ್ಮದಿ. ನನಗೂ ನೆಮ್ಮದಿಯೇ ಆಯಿತು: ನಾನು ಮಾಡಿದ ಅನ್ಯಾಯ ಅದು. ‘ಹತ್ತಿರ ಬನ್ನಿ’ ಎಂದು ಒಮ್ಮೆಯೂ ಕರೆಯಲಿಲ್ಲ.

ಕಳೆದ ಚಳಿಗಾಲ, ಫಿಲೇಚರಿನ ಹಬೆ ಕುಡಿದು ಕುಡಿದು ಕೆಟ್ಟ ಶ್ವಾಸಕೋಶದೊಡನೆ ಆಂಟಿ ಮೇಲೂರಿನ ಮಗಳ ಮನೆಯಲ್ಲಿ ಮಲಗಿದ್ದರು. ನೋಡಲು ಹೋದೆ. ಮಲಗಿ ಮಲಗಿ ಕೂದಲು ಗಂಟುಗಟ್ಟಿತ್ತು. ನೀರಲ್ಲಿ ಕೈ ಅದ್ದಿ ಅವರ ತಲೆಯತ್ತ ಚಾಚಿದೆ. ಅವರು ಮುಖವನ್ನು ಗೋಡೆಯತ್ತ ಸರಿಸಿಕೊಂಡರು.

“ಬ್ಯಾಡಮ್ಮ. ಮನೆಗೋಗಿ ತಲೆಗೆ ನೀರಾಕ್ಕೋಬೇಕಾಗತ್ತೆ ನೀನು. ಚಳಿ ಬೇರೆ.”

ಅದರಲ್ಲಿ ಚುಚ್ಚುಮಾತಿರಲಿಲ್ಲ, ನನಗೆ ಶೀತವಾದೀತೆಂಬ ಕಾಳಜಿಯಿತ್ತು. ಅಜ್ಜಿ ತೀರಿಹೋಗಿ ಆಗಲೇ ಹನ್ನೆರಡು ವರ್ಷ.

“ಹಂಗೇನೂ ಇಲ್ಲ ಆಂಟಿ ಈಗ,” ಎಂದೆ. ಅವರು ತಲೆ ತಿರುಗಿಸಲಿಲ್ಲ. ಬೇಡವೆಂದವರನ್ನು ಬಲವಂತವಾಗಿ ಮುಟ್ಟುವ ಹಕ್ಕೂ ನನಗಿರಲಿಲ್ಲ.

ಐದು ದಿನಗಳ ಬಳಿಕ ಅವರ ಮಗಳು ಫೋನ್ ಮಾಡಿ, ಆಂಟಿ ತೀರಿಕೊಂಡರೆಂದು ತಿಳಿಸಿದಳು. ಕೂದಲಿನ ಆ ಗಂಟುಗಳನ್ನು ಕೊನೆಗೆ ಯಾರಾದರೂ ಬಿಡಿಸಿದರೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.