ಬತ್ತೀನಿ ಅಂದ ಮಾತು

ಆಗಸ್ಟ್ ಹದಿನೈದು ಬಂತೆಂದರೆ ಹಾಸನದ ಶಾಲೆಗಳವರು ಹಬ್ಬದ ಪಾತ್ರೆ ಇಳಿಸುವ ಹಾಗೆ ನಮ್ಮಂಥ ಮಾಜಿ ಸೈನಿಕರನ್ನು ಅಟ್ಟದಿಂದ ಇಳಿಸುತ್ತಾರೆ. ಶಾಲು ಹೊದಿಸಿ, ಸೆರೆಸಿಕ್ಕವರನ್ನು ಬಿಡಿಸಿ ತಂದ ಕಥೆ ಹೇಳಿ ಎನ್ನುತ್ತಾರೆ. ಇಬ್ಬರನ್ನು ತಂದದ್ದು ಹೇಳುತ್ತೇನೆ. ಮೂರನೆಯವನ ವಿಷಯಕ್ಕೆ ಚಪ್ಪಾಳೆ ಬೀಳುವುದಿಲ್ಲ.

ಅವನು ಬಾಗೂರಿನವನು, ನಾನು ಅರಕಲಗೂಡಿನ ಕಡೆಯವನು. ಒಂದೇ ತುಕಡಿ, ಒಂದೇ ತಟ್ಟೆಯಲ್ಲಿ ಉಂಡವರು. ಯುದ್ಧದಲ್ಲಿ ಅವನೂ ಸೇರಿ ನಮ್ಮ ತುಕಡಿಯ ಮೂವರನ್ನು ಹಿಡಿದು ಗಡಿಯಾಚೆ ಕೂಡಿಹಾಕಿದ್ದರು. ಮಂಜು ಕವಿದ ಒಂದು ಬೆಳಗ್ಗೆ ಮೇಜರ್ ಸಾಹೇಬರು ನಮ್ಮ ಕೆಲವರನ್ನು ಕರೆದುಕೊಂಡು ಒಳನುಗ್ಗಿದರು. ಗುಂಡು ಹಾರಿದಾಗ ಕಾವಲಿನವರು ಓಡಿದರು. ಇಬ್ಬರು ಸಿಕ್ಕರು. ಮೂರನೆಯವನನ್ನು ಇಳಿಜಾರಿನ ಕೆಳಗೆಲ್ಲೋ ಇಟ್ಟಿದ್ದಾರೆ ಎಂದು ಅವರೇ ಹೇಳಿದರು. ಮಂಜಿನಲ್ಲಿ ಏನೂ ಕಾಣದು. ಹಿಂದಿಯಲ್ಲಿ ಕೂಗಿದರೆ ಅವನು ನಂಬುವಂತಿಲ್ಲ, ಹಿಡಿದವರದೂ ಹೆಚ್ಚುಕಡಿಮೆ ಅದೇ ಮಾತು.

"ನಿಮ್ಮೂರಿನ ಮಾತಿನಲ್ಲಿ ಕರೆ" ಎಂದರು ಸಾಹೇಬರು.

"ನಾನು ಕಣ್ಲಾ, ಬಾ ಲಾ" ಎಂದು ಕೂಗಿದೆ.

ಕೆಳಗಿನಿಂದ ಸೋತ ದನಿ ಬಂತು. "ಬತ್ತೀನಿ ಕಣ್ಲಾ."

ಕಾದೆವು. ಹೆಜ್ಜೆ ಸಪ್ಪಳವಿಲ್ಲ. ಮತ್ತೆ ಕೂಗಲು ಸಾಹೇಬರು ಬಿಡಲಿಲ್ಲ, ಆಚೆ ಗಾಡಿಗಳ ಸದ್ದು ಹತ್ತಿರವಾಗುತ್ತಿತ್ತು. "ಏನಂದ? ಬರ್ತಾನೆ ಅಂದರೆ ಕಾಯ್ತೀನಿ. ನಿನ್ನ ಕಿವಿಯೇ ನನ್ನ ಕಿವಿ" ಎಂದರು.

ನಮ್ಮಲ್ಲಿ ಮನೆ ಬಿಡುವಾಗ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತೇವೆ. ನಡೆಯಲಾಗದವನು ನಮ್ಮನ್ನು ಉಳಿಸಲೆಂದು ಬೀಳ್ಕೊಂಡ ಎನ್ನಿಸಿತು. "ಬರಲ್ಲ ಸಾಬ್, ವಿದಾಯ ಹೇಳಿದ" ಎಂದೆ. ಕನ್ನಡದ ಒಂದಕ್ಷರ ಬಾರದ ಮನುಷ್ಯ ಎರಡನೇ ಸಲ ಕೇಳದೆ ತಂಡವನ್ನು ಹಿಂದಕ್ಕೆ ತಿರುಗಿಸಿದರು. ನಾವೆಲ್ಲ ಬದುಕಿದೆವು. ಯುದ್ಧ ಮುಗಿದ ಮೇಲೆ ಅವನ ಹೆಣ ಬಂತು. ನಾಯಕನೆಂದರೆ ನಮ್ಮ ಸಾಹೇಬರು, ಹಾಗೆ ನಂಬಬೇಕು ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ.

ಮೊನ್ನೆ ಬಾಗೂರಿಗೆ ಹೋಗಿದ್ದಾಗ ಅವನ ಹೆಂಡತಿ ಕಾಫಿ ಕೊಟ್ಟು, ಇಷ್ಟು ವರ್ಷ ಕೇಳದ್ದನ್ನು ಕೇಳಿದಳು. "ಕೊನೇಗೆ ಏನಂದ್ರಣ್ಣ ಅವ್ರು?"

"ಬತ್ತೀನಿ ಅಂದ ಕಣವ್ವ. ನಮ್ಗೆಲ್ಲ ಯೋಳ್ಬುಟ್ಟು ಒಂಟೋದ."

ಅವಳು ಖಾಲಿ ಲೋಟ ಎತ್ತಿಕೊಂಡಳು. "ಒಂಟಾಗ ಅವ್ರು ಅಂಗನ್ನಾಕಿಲ್ಲ ಕಣಣ್ಣ. ಓಗ್ ಬತ್ತೀನಿ ಅಂತಿದ್ರು, ಯಾವಾಗ್ಲೂ. ಬರೀ ಬತ್ತೀನಿ ಅಂತಿದ್ದದ್ದು ಉಣ್ಣಾಕೆ ಕರ್ದಾಗ. ಅಂದ್ ಮ್ಯಾಲೆ ಎದ್ ಬರಾಕೆ ವಸಿ ಒತ್ತಾಗೋದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಅವನು ಎದ್ದು ಬರುತ್ತಿದ್ದ. ಸಾಹೇಬರು ಕಾಯಲು ತಯಾರಿದ್ದರು.

ಹೊರಡಲು ಎದ್ದೆ. ಚಪ್ಪಲಿ ಮೆಟ್ಟಿಕೊಂಡು ಹೊಸಿಲಾಚೆ ನಿಂತರೂ, ಹೊರಡುವಾಗ ಆಡುವ ಆ ಒಂದು ಮಾತು ಬಾಯಿಂದ ಹೊರಡಲಿಲ್ಲ.

"ಓಗ್ ಬನ್ನಿ ಅಣ್ಣ" ಎಂದಳು, ಅವಳೇ.