ಇಸ್ತ್ರಿ ಅಕ್ಕ ನಕ್ಕಿದ್ದು

ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಆಕೆಯನ್ನು ಎಲ್ಲರೂ ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಬಿಸಿ ಹಬೆಗೆ ಮುಂಗೈ ಬೆಂದು ಕಪ್ಪಾಗಿದ್ದರೂ ಮುಖದಲ್ಲಿ ಮಾತ್ರ ನಗು. ಮೇಸ್ತ್ರಿ ಬೈದರೂ ನಗು. ನಿನ್ನ ಹಲ್ಲಿಗೂ ಒಂದು ದಿನ ರಜ ಕೊಡೇ ಅಂತ, ಜೊತೆಗೆ ಬಟ್ಟೆ ಮಡಿಸುವ ಗೆಳತಿ ಛೇಡಿಸುತ್ತಿದ್ದಳು.

ಆ ನಗುವಿನ ಹಿಂದೆ ಏನಿದೆಯೆಂದು ಕೇಳಿದವರು ಕಡಿಮೆ. ಯುದ್ಧದಲ್ಲಿ ಅವಳ ಗಂಡನನ್ನು ಮನೆಯಂಗಳದಲ್ಲೇ ಕೊಂದಿದ್ದರು. ಮಗಳನ್ನು ತನ್ನ ತಾಯಿಯ ಜೊತೆ ಗಡಿಯ ಡೇರೆಯೊಂದರಲ್ಲಿ ಬಿಟ್ಟು, ಕಂಡಕಂಡವರ ಕೈಕಾಲು ಹಿಡಿದು ಪರದೇಶದ ಈ ಊರು ಸೇರಿದ್ದಳು. ಇಲ್ಲಿನ ಸರ್ಕಾರ ಆಶ್ರಯ ಕೊಟ್ಟರೆ ಮಗಳನ್ನು ಕರೆಸಿಕೊಳ್ಳಬಹುದು, ಕೊಡದಿದ್ದರೆ ಇಲ್ಲ. ಅದೊಂದಕ್ಕೇ ಜೀವ ಹಿಡಿದುಕೊಂಡಿದ್ದಳು.

ಆಶ್ರಯ ಕೋರಿದ ಅರ್ಜಿಯ ಮೊದಲ ವಿಚಾರಣೆಗೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು ಹೋದಳು. ಹೊರಗಿನವರ ಮುಂದೆ ಕಣ್ಣೀರು ಹಾಕಬಾರದು, ಅವರ ತಲೆಯ ಮೇಲೆ ನಮ್ಮ ಹೊರೆ ಹೊರಿಸಬಾರದು ಅಂತ ಬೆಳೆಸಿದ ಮನೆ ಅವಳದು. ಹಾಗಾಗಿ ಗಂಡ ಸತ್ತದ್ದನ್ನೂ ನಗುಮುಖದಲ್ಲೇ ಹೇಳಿದಳು. ಗಂಡನನ್ನು ಕಳೆದುಕೊಂಡವಳು ಹೀಗೆ ನಗುತ್ತಾಳೆಯೇ, ಇದೆಲ್ಲ ಕಟ್ಟುಕಥೆ ಅಂತ ಅಧಿಕಾರಿ ಅರ್ಜಿ ತಳ್ಳಿಹಾಕಿದ. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಅಂತ ಗಾದೆ ಕಟ್ಟಿದ ಪುಣ್ಯಾತ್ಮನೇ ಆ ಕುರ್ಚಿಯಲ್ಲಿ ಕೂತಿದ್ದನೋ ಏನೋ. ದುಃಖ ಇಂಥದ್ದೇ ಮುಖ ಹೊತ್ತು ಬರಬೇಕು ಅನ್ನಲು ಇವನ್ಯಾರು?

ಮೇಲ್ಮನವಿಗೆ ಒಂದೇ ಅವಕಾಶ ಉಳಿದಿತ್ತು. ಊಟದ ಹೊತ್ತಿನಲ್ಲಿ ಗೆಳತಿ ಬುದ್ಧಿ ಹೇಳಿದಳು.

"ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಕಣೇ. ಈ ಸಲ ಅತ್ತುಬಿಡು."

ಬೇಕೆಂದಾಗ ಅಳು ಬರೋದಕ್ಕೆ ಅದೇನು ನಲ್ಲಿ ನೀರೇ ಅಂತ ಇಸ್ತ್ರಿ ಅಕ್ಕ ನಕ್ಕುಬಿಟ್ಟಳು. ಮಗಳಿಗೆ ಫೋನ್ ಮಾಡಿ, ಈ ಬಾರಿ ಖಂಡಿತ ಆಗುತ್ತೆ, ಬಟ್ಟೆಬರೆ ಜೋಡಿಸಿಕೋ ಅಂತ ಧೈರ್ಯ ತುಂಬಿದಳು.

ಎರಡನೆಯ ವಿಚಾರಣೆಗೆ ಕೂತವರು ಒಬ್ಬ ಹೆಂಗಸು. ಮಗಳು ಈಗ ಎಷ್ಟೆತ್ತರ ಆಗಿದ್ದಾಳೆ ಅಂತ ಮಾತಿನ ನಡುವೆ ಸುಮ್ಮನೆ ಕೇಳಿದರು. ಇಸ್ತ್ರಿ ಅಕ್ಕ ಕೈ ಚಾಚಿ ತೋರಿಸಲು ಹೋದಳು. ಸೊಂಟದ ಮಟ್ಟಕ್ಕೆ ತಂದಳು, ಎದೆಯ ಮಟ್ಟಕ್ಕೆ ಏರಿಸಿದಳು. ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಹೆತ್ತ ಕರುಳು ಕಿತ್ತು ಬಂತು. ಎಷ್ಟೋ ವರ್ಷಗಳಿಂದ ಅದುಮಿಟ್ಟದ್ದೆಲ್ಲ ಕಟ್ಟೆಯೊಡೆದು, ಗಂಡನ ಸಾವನ್ನೂ ಬಿಕ್ಕಿ ಬಿಕ್ಕಿ ಅಳುತ್ತಲೇ ಹೇಳಿದಳು. ಆ ಹೆಂಗಸು ಕುಡಿಯಲು ನೀರು ಕೊಟ್ಟರು. ಹೊರಗೆ ಕಾಯುತ್ತಿದ್ದ ಗೆಳತಿ ಅವಳ ಕೆಂಪಾದ ಕಣ್ಣು ನೋಡಿ, ಗೆದ್ದೆ ಬಿಡು ಅಂದಳು.

ಕೆಲವು ವಾರಗಳ ನಂತರ ಅವಳ ಮೇಲ್ಮನವಿ ನೋಡಿಕೊಳ್ಳುತ್ತಿದ್ದ ವಕೀಲರು ಕರೆಸಿ ತೀರ್ಪು ತಿಳಿಸಿದರು.

"ಹೋದ ಸಲ ನಗ್ತಾ ಹೇಳಿದ್ರಿ, ಈ ಸಲ ಅಳ್ತಾ ಹೇಳಿದ್ರಿ. ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಅಂತ ಇದನ್ನೂ ತಳ್ಳಿಹಾಕಿದ್ದಾರಮ್ಮ."

ನಕ್ಕರೆ ಸುಳ್ಳಿ, ಅತ್ತರೆ ನಾಟಕದವಳು. ಇಂಥವರ ನ್ಯಾಯಕ್ಕಿಷ್ಟು ಬೆಂಕಿ ಬೀಳ. ಸಂಕಟವನ್ನು ಇನ್ನು ಹೇಗೆ ಹೇಳಬೇಕಿತ್ತು ಅವಳು? ಅಳು ಅಂದದ್ದು ತಾನೇ ಅಂತ ಗೆಳತಿ ಹಣೆ ಹಣೆ ಚಚ್ಚಿಕೊಂಡಳು. ಅವಳನ್ನು ಸಮಾಧಾನ ಮಾಡುವ ಕೆಲಸವೂ ಇಸ್ತ್ರಿ ಅಕ್ಕನ ಪಾಲಿಗೇ ಬಂತು.

ಆ ಸಂಜೆ ಮಗಳಿಗೆ ಫೋನ್ ಮಾಡಿ, ಕಟ್ಟಿಟ್ಟ ಚೀಲ ಬಿಚ್ಚಿಬಿಡು ಅಂದಳು.

"ಹೊರಟೆ ಅಂತ ಗೆಳತಿಯರಿಗೆಲ್ಲ ಹೇಳಿಬಿಟ್ಟಿದ್ದೀನಲ್ಲಮ್ಮ" ಎಂದಿತು ಮಗು. "ಈಗ ಏನಂತ ಹೇಳ್ಲಿ?"